ಹಳೆಯ ಕಾರು ಸ್ಟಾರ್ಟ್ ಆಗುತ್ತಿಲ್ಲವೇ? ಫ್ಯುಯೆಲ್ ಪಂಪ್ ಬದಲಿಸುವ ಮುನ್ನ ಹೀಗೆ ಪರೀಕ್ಷಿಸಿ

ಹಳೆಯ ಕಾರು ಇಟ್ಟುಕೊಂಡವರಿಗೆ ಈ ತೊಂದರೆ ಹೊಸದಲ್ಲ. ರಜೆಗೆ ಊರಿಗೆ ಹೋಗಿ ಬಂದು, ಸೊಸೈಟಿಯ ಪಾರ್ಕಿಂಗ್‌ನಲ್ಲಿ ನಿಲ್ಲಿಸಿದ್ದ ಕಾರಿನ ಕೀ ತಿರುಗಿಸಿದರೆ ಸೆಲ್ಫ್ ಚೆನ್ನಾಗಿಯೇ ತಿರುಗುತ್ತದೆ, ಎಂಜಿನ್ ಮಾತ್ರ ಸ್ಟಾರ್ಟ್ ಆಗುವುದಿಲ್ಲ. ನೋಡಲು ಬಂದ ಮೆಕ್ಯಾನಿಕ್ ಎರಡು ಸಲ ಸೆಲ್ಫ್ ಹೊಡೆದು ‘ಪಂಪ್ ಹೋಗಿದೆ’ ಎಂದುಬಿಡುತ್ತಾರೆ. ಹೊಸ ಪಂಪ್ ಬರುತ್ತದೆ, ಬಿಲ್ ಆಗುತ್ತದೆ. ಕಾರು ಆಗಲೂ ಸ್ಟಾರ್ಟ್ ಆಗದಿದ್ದರೆ ಮುಂದಿನ ಅನುಮಾನ ಇನ್ನೊಂದು ಬಿಡಿಭಾಗದ ಮೇಲೆ.

ಎಂಜಿನ್ ಸ್ಟಾರ್ಟ್ ಆಗದಿರುವುದಕ್ಕೆ ಪಂಪ್ ಒಂದು ಕಾರಣ ಮಾತ್ರ. ಒಂದು ಸುಟ್ಟ ಫ್ಯೂಸ್, ಬಿರುಕು ಬಿಟ್ಟ ರಬ್ಬರ್ ಪೈಪ್, ಕಟ್ಟಿಕೊಂಡ ಫಿಲ್ಟರ್ ಅಥವಾ ಕೆಟ್ಟ ಪೆಟ್ರೋಲ್ ಕೂಡ ಇದೇ ಲಕ್ಷಣ ತೋರಿಸುತ್ತವೆ. ಪರೀಕ್ಷೆಯನ್ನು ಸರಿಯಾದ ಕ್ರಮದಲ್ಲಿ ಮಾಡಿದರೆ ದೋಷ ಎಲ್ಲಿದೆ ಎಂಬುದು ಬಿಡಿಭಾಗ ಕೊಳ್ಳುವ ಮೊದಲೇ ಗೊತ್ತಾಗುತ್ತದೆ. ದೇಶದ ಬಹುತೇಕ ಮೆಕ್ಯಾನಿಕ್‌ಗಳಿಗೆ ಪರಿಚಿತವಾದ ಮಾರುತಿ 800 ಕಾರನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಆ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಸುರಕ್ಷತೆ

ಪೆಟ್ರೋಲ್‌ಗಿಂತ ಅದರ ಆವಿ ಹೆಚ್ಚು ಅಪಾಯಕಾರಿ. ಅದು ಗಾಳಿಗಿಂತ ಭಾರ. ಹಾಗಾಗಿ ಬೇಸ್‌ಮೆಂಟ್ ಪಾರ್ಕಿಂಗ್‌ನಂಥ ಮುಚ್ಚಿದ ಜಾಗದಲ್ಲಿ ನೆಲದ ಮಟ್ಟದಲ್ಲೇ ಸೇರಿಕೊಳ್ಳುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಸಾಧ್ಯವಾದರೆ ಕಾರನ್ನು ತಳ್ಳಿ ಬಯಲಿಗೆ ತಂದುಕೊಳ್ಳಿ.

- ಬೀಡಿ, ಸಿಗರೇಟು, ಬೆಂಕಿಕಡ್ಡಿ ಹತ್ತಿರ ಸುಳಿಯಬಾರದು. ಪುಡಿ ರಾಸಾಯನಿಕದ ಅಗ್ನಿಶಾಮಕ ಕೈಗೆ ಸಿಗುವಂತಿರಲಿ.
- ಕಾರ್ಬ್ಯುರೇಟರ್ ಬಾಯಿಗೆ ಪೆಟ್ರೋಲ್ ಸುರಿದು ಸೆಲ್ಫ್ ಹೊಡೆಯುವುದು ರಸ್ತೆಬದಿಯಲ್ಲಿ ಮಾಮೂಲು. ಎಂಜಿನ್ ಒಮ್ಮೆ ಹಿಂದಕ್ಕೆ ಉಗಿದರೆ ಜ್ವಾಲೆ ಮುಖಕ್ಕೇ ಬಡಿಯುತ್ತದೆ. ಇದಕ್ಕೆ ಅವಕಾಶ ಕೊಡಬೇಡಿ.
- ಪೈಪಿನಿಂದ ಬಾಯಲ್ಲಿ ಪೆಟ್ರೋಲ್ ಎಳೆಯಬೇಡಿ. ಶ್ವಾಸಕೋಶಕ್ಕೆ ಸ್ವಲ್ಪ ಹೋದರೂ ಪ್ರಾಣಾಪಾಯ.
- ಸೆಲ್ಫ್ ಅನ್ನು ಒಮ್ಮೆಗೆ 5ರಿಂದ 10 ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ. ಮಧ್ಯೆ ಅರ್ಧ ನಿಮಿಷವಾದರೂ ಬಿಡುವು ಕೊಡಿ. ಇಲ್ಲವಾದರೆ ಸ್ಟಾರ್ಟರ್ ಮೋಟಾರ್ ಮತ್ತು ಬ್ಯಾಟರಿ ಎರಡೂ ಸೋಲುತ್ತವೆ.
- ಕಾರು ಮಳೆನೀರಿನಲ್ಲಿ ಮುಳುಗಿತ್ತು ಎಂದಾದರೆ ಸೆಲ್ಫ್ ಹೊಡೆಯಲೇಬೇಡಿ. ಸಿಲಿಂಡರ್‌ಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಾಗಬಹುದು. ಬ್ಯಾಟರಿ ಸಂಪರ್ಕ ತೆಗೆದು, ಟೋ ಮಾಡಿಸಿ ಗ್ಯಾರೇಜ್‌ಗೆ ಒಯ್ಯಿರಿ.

ನಿಮ್ಮ ಕಾರು ಯಾವ ಬಗೆಯದು?

ಮಾರುತಿ 800 ಕಾರು 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿಯಿತು. ಉತ್ಪಾದನೆ ನಿಂತದ್ದು 2014ರ ಜನವರಿಯಲ್ಲಿ. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಹಾಗೇ ಉಳಿದರೂ, ಅದಕ್ಕೆ ಪೆಟ್ರೋಲ್ ಉಣಿಸುವ ವಿಧಾನ 2000ದ ಆಸುಪಾಸಿನಲ್ಲಿ ಬದಲಾಯಿತು.

ಹಳೆಯ ಮಾದರಿಗಳಲ್ಲಿ ಕಾರ್ಬ್ಯುರೇಟರ್ ಇದೆ. ಎಂಜಿನ್ನಿನ ಕ್ಯಾಮ್‌ಶಾಫ್ಟ್ ಒತ್ತಿದಂತೆಲ್ಲ ಮೇಲೆ ಕೆಳಗೆ ಆಡುವ ಮೆಕ್ಯಾನಿಕಲ್ ಪಂಪ್, ಟ್ಯಾಂಕ್‌ನಿಂದ ಪೆಟ್ರೋಲ್ ಎಳೆದು ಕಾರ್ಬ್ಯುರೇಟರ್‌ಗೆ ತಳ್ಳುತ್ತದೆ. ಪ್ರೀಮಿಯರ್ ಪದ್ಮಿನಿ, ಪೆಟ್ರೋಲ್ ಅಂಬಾಸಿಡರ್, ಹಳೆಯ ಓಮ್ನಿಗಳಲ್ಲೂ ಹೆಚ್ಚುಕಡಿಮೆ ಇದೇ ವ್ಯವಸ್ಥೆ.

ನಂತರದವು ಎಂಪಿಎಫ್‌ಐ ಕಾರುಗಳು. ಇವುಗಳಲ್ಲಿ ಪಂಪ್ ಟ್ಯಾಂಕ್ ಒಳಗೇ ಇರುತ್ತದೆ ಮತ್ತು ವಿದ್ಯುತ್ತಿನಿಂದ ಓಡುತ್ತದೆ. ಪ್ರತಿ ಸಿಲಿಂಡರ್‌ಗೆ ಒಂದು ಇಂಜೆಕ್ಟರ್ ಇದ್ದು, ಯಾವಾಗ ಎಷ್ಟು ಪೆಟ್ರೋಲ್ ಸಿಂಪಡಿಸಬೇಕೆಂದು ಇಸಿಯು ಎಂಬ ಕಂಪ್ಯೂಟರ್ ನಿರ್ಧರಿಸುತ್ತದೆ.

ಎರಡೂ ಕಾರುಗಳಿಗೆ ಪರೀಕ್ಷೆಯ ದಾರಿ ಬೇರೆ. ಆದರೆ ಮೊದಲ ಮೂರು ಹೆಜ್ಜೆ ಒಂದೇ.

ಹೆಜ್ಜೆ 1: ಸೆಲ್ಫ್ ಸದ್ದು ಕೇಳಿ

ಕೀ ತಿರುಗಿಸಿದಾಗ ಬರೀ ‘ಟಕ್’ ಎಂದರೆ ಅಥವಾ ಎಂಜಿನ್ ನಿಧಾನವಾಗಿ ಮುಲುಗಿದರೆ ಅದು ಪೆಟ್ರೋಲ್ ಸಮಸ್ಯೆಯಲ್ಲ. ಬ್ಯಾಟರಿ, ಅದರ ಟರ್ಮಿನಲ್ ಅಥವಾ ಸ್ಟಾರ್ಟರ್ ಮೋಟಾರ್ ನೋಡಬೇಕು. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಸೆಲ್ಫ್ ಹೊಡೆಯುವಾಗ ಅದು 9.6 ವೋಲ್ಟ್‌ಗಿಂತ ಕೆಳಗೆ ಇಳಿದರೆ ಬ್ಯಾಟರಿಯೇ ಸೋತಿದೆ ಎಂದರ್ಥ. ಎಂಪಿಎಫ್‌ಐ ಕಾರಿನಲ್ಲಿ ಸೋತ ಬ್ಯಾಟರಿ ಇಸಿಯು ಮತ್ತು ಪಂಪ್ ಎರಡನ್ನೂ ಕೆಲಸ ಮಾಡಗೊಡುವುದಿಲ್ಲ. ಆಗ ತಪ್ಪು ಪಂಪಿನದೆಂದು ತೋರುತ್ತದೆ.

ಸೆಲ್ಫ್ ಎಂದಿಗಿಂತ ಹಗುರಾಗಿ, ತಡೆಯೇ ಇಲ್ಲದಂತೆ ‘ರ್‍ರ್’ ಎಂದು ತಿರುಗಿದರೆ ಟೈಮಿಂಗ್ ಬೆಲ್ಟ್ ತುಂಡಾಗಿರಬಹುದು. ಕಾರ್ಬ್ಯುರೇಟರ್ ಇರುವ ಮಾರುತಿ 800ರಲ್ಲಿ ಪಂಪ್ ಮತ್ತು ಡಿಸ್ಟ್ರಿಬ್ಯೂಟರ್ ಎರಡನ್ನೂ ತಿರುಗಿಸುವುದು ಕ್ಯಾಮ್‌ಶಾಫ್ಟ್. ಬೆಲ್ಟ್ ಹೋದರೆ ಪೆಟ್ರೋಲ್, ಕಿಡಿ ಎರಡೂ ಒಟ್ಟಿಗೇ ನಿಲ್ಲುತ್ತವೆ. ಆಯಿಲ್ ಹಾಕುವ ಮುಚ್ಚಳ ತೆಗೆದು, ಇನ್ನೊಬ್ಬರಿಂದ ಕ್ಷಣಮಾತ್ರ ಸೆಲ್ಫ್ ಹೊಡೆಸಿ ನೋಡಿ. ಒಳಗೆ ಏನೂ ಅಲುಗಾಡದಿದ್ದರೆ ಬೆಲ್ಟ್ ಕಡೆ ಗಮನ ಕೊಡಬೇಕು.

ಹೆಜ್ಜೆ 2: ಟ್ಯಾಂಕ್‌ನಲ್ಲಿ ಪೆಟ್ರೋಲ್ ಇದೆಯೇ, ಚೆನ್ನಾಗಿದೆಯೇ?

ಹಳೆಯ ಕಾರಿನ ಮೀಟರ್ ನಂಬಬೇಡಿ. ಟ್ಯಾಂಕ್ ಒಳಗಿನ ಫ್ಲೋಟ್ ಅಂಟಿಕೊಂಡರೆ ಮುಳ್ಳು ಕಾಲು ಭಾಗದಲ್ಲೇ ನಿಂತಿರುತ್ತದೆ. ಬಂಕ್‌ನಿಂದ ನಾಲ್ಕೈದು ಲೀಟರ್ ತಾಜಾ ಪೆಟ್ರೋಲ್ ತಂದು ಹಾಕುವುದೇ ಅತಿ ಅಗ್ಗದ ಪರೀಕ್ಷೆ. ತರುವುದಕ್ಕೆ ನೀರಿನ ಬಾಟಲಿ ಬೇಡ, ಇಂಧನಕ್ಕೆಂದೇ ಇರುವ ಕ್ಯಾನ್ ಬಳಸಿ.

ಟ್ಯಾಂಕ್ ಮುಚ್ಚಳ ತೆಗೆದಾಗ ಗಾಳಿ ಒಳಕ್ಕೆ ಎಳೆದುಕೊಂಡ ಸದ್ದು ಜೋರಾಗಿ ಬಂದು, ಆಮೇಲೆ ಕಾರು ಸ್ಟಾರ್ಟ್ ಆದರೆ ಗಾಳಿಕಿಂಡಿ ಕಟ್ಟಿಕೊಂಡಿದೆ ಎಂದು ತಿಳಿಯಿರಿ. ಒಳಗೆ ನಿರ್ವಾತ ಉಂಟಾದರೆ ಪಂಪ್ ಎಷ್ಟೇ ಎಳೆದರೂ ಪೆಟ್ರೋಲ್ ಬರುವುದಿಲ್ಲ.

ತಿಂಗಳುಗಟ್ಟಲೆ ನಿಂತ ಕಾರಿನ ಪೆಟ್ರೋಲ್‌ಗೆ ವಾರ್ನಿಶ್‌ನಂಥ ಹುಳಿ ವಾಸನೆ ಬರುತ್ತದೆ. ಸುಲಭವಾಗಿ ಆವಿಯಾಗುವ ಅಂಶ ಹೋಗಿಬಿಟ್ಟಿರುವುದರಿಂದ ತಣ್ಣನೆಯ ಎಂಜಿನ್‌ನಲ್ಲಿ ಅದು ಹೊತ್ತಿಕೊಳ್ಳುವುದಿಲ್ಲ. ಅಂಥದ್ದನ್ನು ಪೂರ್ತಿ ಬಸಿದು ಹೊಸದು ತುಂಬಬೇಕು.

ಹೆಜ್ಜೆ 3: ಕಿಡಿಯೋ, ಪೆಟ್ರೋಲೋ?

ಇಡೀ ಪರೀಕ್ಷೆಯಲ್ಲಿ ಮುಖ್ಯವಾದದ್ದು ಇದೇ. ಎಂಜಿನ್ ಸ್ಟಾರ್ಟ್ ಆಗಲು ಪೆಟ್ರೋಲ್, ಗಾಳಿ, ಕಂಪ್ರೆಷನ್ ಮತ್ತು ಸರಿಯಾದ ಹೊತ್ತಿಗೆ ಕಿಡಿ ಬೇಕು. ಕಿಡಿ ಇಲ್ಲದ ಕಾರಿಗೆ ಹೊಸ ಪಂಪ್ ಹಾಕಿ ಪ್ರಯೋಜನವಿಲ್ಲ.

ಕೆಲವು ಸೆಕೆಂಡು ಸೆಲ್ಫ್ ಹೊಡೆದ ನಂತರ ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಿ ಅದರ ತುದಿ ನೋಡಿ.

- ತುದಿ ಒಣಗಿದ್ದು, ಪೆಟ್ರೋಲ್ ವಾಸನೆಯೇ ಇಲ್ಲದಿದ್ದರೆ ಸಿಲಿಂಡರ್‌ಗೆ ಪೆಟ್ರೋಲ್ ತಲುಪುತ್ತಿಲ್ಲ.
- ತುದಿ ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ. ಕಿಡಿ ಇಲ್ಲ, ಇಲ್ಲವೇ ಪೆಟ್ರೋಲ್ ಅತಿಯಾಗಿ ಎಂಜಿನ್ ‘ಫ್ಲಡ್’ ಆಗಿದೆ.
- ಮಸಿ ಕಟ್ಟಿ ಕಪ್ಪಾಗಿದ್ದರೆ ಚೋಕ್ ಅಥವಾ ಏರ್ ಫಿಲ್ಟರ್ ಸಮಸ್ಯೆ ಇರಬಹುದು.

ಕಿಡಿ ನೋಡುವಾಗ ಎಂಜಿನ್ನಿನ ಪ್ಲಗ್ ತೂತು ತೆರೆದಿಡಬೇಡಿ, ಅದರಿಂದ ಪೆಟ್ರೋಲ್ ಆವಿ ಹೊರಗೆ ಚಿಮ್ಮುತ್ತದೆ. ಬಿಚ್ಚಿದ ಪ್ಲಗ್ ಮತ್ತೆ ಕೂರಿಸಿ, ಇನ್ನೊಂದು ಹಳೆಯ ಪ್ಲಗ್ ಅನ್ನು ವೈರಿಗೆ ಸಿಕ್ಕಿಸಿ, ಅದರ ಲೋಹದ ಭಾಗ ಎಂಜಿನ್‌ಗೆ ತಾಗುವಂತೆ ಇಟ್ಟು ಸೆಲ್ಫ್ ಹೊಡೆಯಿರಿ. ಕೈಯಲ್ಲಿ ಹಿಡಿಯಬಾರದು. ನೀಲಿ ಬಣ್ಣದ ಗಟ್ಟಿ ಕಿಡಿ ಬಂದರೆ ಸರಿ. ಎಂಪಿಎಫ್‌ಐ ಕಾರುಗಳಲ್ಲಿ ಈ ಪರೀಕ್ಷೆಯನ್ನು ಸ್ಪಾರ್ಕ್ ಟೆಸ್ಟರ್ ಇರುವ ಮೆಕ್ಯಾನಿಕ್‌ಗೆ ಬಿಡುವುದು ಒಳ್ಳೆಯದು.

ಕಿಡಿ ಇದ್ದು ಪ್ಲಗ್ ಒಣಗಿದ್ದರೆ ಮಾತ್ರ ಪೆಟ್ರೋಲ್ ವ್ಯವಸ್ಥೆಯನ್ನು ಕೈಗೆತ್ತಿಕೊಳ್ಳಿ.

ಸಿಎನ್‌ಜಿ ಕಿಟ್ ಇರುವ ಕಾರಿನಲ್ಲಿ ಇನ್ನೂ ಸುಲಭದ ದಾರಿಯಿದೆ. ಮುಂಬೈ, ಪುಣೆ, ದೆಹಲಿಗಳಲ್ಲಿ ಇಂಥ ಕಾರುಗಳು ಸಾಕಷ್ಟಿವೆ. ಕಾರು ಸಿಎನ್‌ಜಿಯಲ್ಲಿ ಚೆನ್ನಾಗಿ ಓಡಿ ಪೆಟ್ರೋಲ್‌ನಲ್ಲಿ ಮಾತ್ರ ಸ್ಟಾರ್ಟ್ ಆಗದಿದ್ದರೆ ಕಿಡಿ, ಕಂಪ್ರೆಷನ್ ಎರಡೂ ಸರಿಯಿವೆ ಎಂದಾಯಿತು. ದೋಷ ಖಂಡಿತ ಪೆಟ್ರೋಲ್ ಕಡೆಯದು. ಬಹಳ ದಿನ ಬಳಸದೆ ಹಳಸಿದ ಪೆಟ್ರೋಲ್, ಕಿಟ್‌ನ ಬದಲಾವಣೆ ಸ್ವಿಚ್ ಅಥವಾ ಪೆಟ್ರೋಲ್ ಸೊಲೆನಾಯ್ಡ್ ವಾಲ್ವ್ ಮೊದಲು ನೋಡಬೇಕಾದವು.

ಕಾರ್ಬ್ಯುರೇಟರ್ ಕಾರಿನಲ್ಲಿ ಎಲ್ಲೆಲ್ಲಿ ನೋಡಬೇಕು?

ಚೋಕ್: ತಣ್ಣನೆಯ ಎಂಜಿನ್‌ಗೆ ಚೋಕ್ ಬೇಕೇಬೇಕು. ಡ್ಯಾಶ್‌ಬೋರ್ಡ್‌ನ ಗುಂಡಿ ಎಳೆದಾಗ ಕಾರ್ಬ್ಯುರೇಟರ್ ಮೇಲಿನ ತಗಡು ನಿಜವಾಗಿಯೂ ಮುಚ್ಚಿಕೊಳ್ಳುತ್ತಿದೆಯೇ ನೋಡಿ. ದೆಹಲಿಯ ಚಳಿಗಾಲದ ಬೆಳಗಿನಲ್ಲಿ ತುಂಡಾದ ಚೋಕ್ ಕೇಬಲ್ ಒಂದೇ ಸಾಕು ಕಾರು ನಿಲ್ಲಿಸಲು.

ಗಾಜಿನ ಕಿಂಡಿ: ಮಾರುತಿ 800, ಓಮ್ನಿಗಳ ಹಲವು ಕಾರ್ಬ್ಯುರೇಟರ್‌ಗಳಲ್ಲಿ ಫ್ಲೋಟ್ ಚೇಂಬರ್ ಬದಿಗೆ ಪುಟ್ಟ ದುಂಡನೆಯ ಗಾಜು ಇರುತ್ತದೆ. ಪೆಟ್ರೋಲ್ ಮಟ್ಟ ಅದರ ನಡುಭಾಗದಲ್ಲಿ ಕಾಣಬೇಕು. ಕಾಣುತ್ತಿದ್ದರೆ ಪಂಪ್ ಕೆಲಸ ಮಾಡಿದೆ. ತೊಂದರೆ ಕಾರ್ಬ್ಯುರೇಟರ್ ಒಳಗಿನ ಜೆಟ್‌ಗಳಲ್ಲಿ. ಕಾಣದಿದ್ದರೆ ಪೆಟ್ರೋಲ್ ಇಲ್ಲಿಯವರೆಗೂ ಬಂದಿಲ್ಲ.

ಫಿಲ್ಟರ್: ಒಳಗೆ ತುಕ್ಕಿನ ಕೆಂಪು ಪುಡಿ ಕಂಡರೆ ಟ್ಯಾಂಕ್ ಒಳಗಿನಿಂದ ಕೊರೆಯುತ್ತಿದೆ. ಫಿಲ್ಟರ್ ಮಾತ್ರ ಬದಲಿಸಿದರೆ ವಾರದಲ್ಲಿ ಮತ್ತೆ ಅದೇ ಕತೆ. ಟ್ಯಾಂಕ್ ಇಳಿಸಿ ತೊಳೆಸಬೇಕು.

ಪಂಪ್ ತಳ್ಳುತ್ತಿದೆಯೇ: ಇಗ್ನಿಷನ್ ಕಾಯಿಲ್‌ಗೆ ಬರುವ ವೈರ್ ಬಿಚ್ಚಿ ಕಿಡಿ ಬರದಂತೆ ಮಾಡಿ. ಕಾರ್ಬ್ಯುರೇಟರ್‌ಗೆ ಹೋಗುವ ಪೈಪಿನ ತುದಿಯನ್ನು ಇಂಧನದ ಕ್ಯಾನಿಗೆ ಇಳಿಸಿ ಕೆಲವು ಸೆಕೆಂಡು ಸೆಲ್ಫ್ ಹೊಡೆಯಿರಿ. ಪೆಟ್ರೋಲ್ ಬಿಟ್ಟು ಬಿಟ್ಟು, ಆದರೆ ಗಟ್ಟಿಯಾಗಿ ಚಿಮ್ಮಬೇಕು. ಬಂದರೆ ಪಂಪ್ ಸರಿಯಿದೆ. ಕಾರ್ಬ್ಯುರೇಟರ್‌ನ ನೀಡಲ್ ವಾಲ್ವ್ ಅಂಟಿಕೊಂಡಿರಬಹುದು. ಫ್ಲೋಟ್ ಚೇಂಬರ್ ಮೇಲೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಕೆಲವೊಮ್ಮೆ ಬಿಟ್ಟುಕೊಳ್ಳುತ್ತದೆ.

ಬರದಿದ್ದರೆ ಪಂಪ್ ಕೆಟ್ಟಿದೆಯೇ? ಇನ್ನೂ ಹೇಳಲಾಗದು. ಟ್ಯಾಂಕ್‌ನಿಂದ ಪಂಪ್‌ವರೆಗಿನ ರಬ್ಬರ್ ಪೈಪ್‌ನಲ್ಲಿ ಸಣ್ಣ ಬಿರುಕಿದ್ದರೂ ಪಂಪ್ ಪೆಟ್ರೋಲ್ ಬದಲು ಗಾಳಿ ಎಳೆಯುತ್ತದೆ. ಅಲ್ಲಿ ಹೊರಗೆ ಸೋರಿಕೆಯೂ ಕಾಣದೆ ಇರಬಹುದು. ಅಪಾರ್ಟ್‌ಮೆಂಟ್ ಪಾರ್ಕಿಂಗ್‌ಗಳಲ್ಲಿ ಇಲಿ ಕಡಿದ ಪೈಪ್‌ಗಳೂ ಸಿಗುತ್ತವೆ. ಗ್ಯಾರೇಜ್‌ನಲ್ಲಿ ಪಂಪ್‌ಗೆ ಬೇರೆ ಕ್ಯಾನ್‌ನಿಂದ ನೇರವಾಗಿ ಪೆಟ್ರೋಲ್ ಕೊಟ್ಟು ನೋಡಲು ಹೇಳಿ. ಆಗ ಎಳೆದರೆ ದೋಷ ಪೈಪ್ ಅಥವಾ ಟ್ಯಾಂಕ್‌ನದು, ಎಳೆಯದಿದ್ದರೆ ಪಂಪ್‌ನದು.

ಆಯಿಲ್ ಕಡ್ಡಿ ಮೂಸಿ: ಪಂಪ್ ಒಳಗಿನ ರಬ್ಬರ್ ಪರದೆ ಹರಿದರೆ ಪೆಟ್ರೋಲ್ ಎಂಜಿನ್ ಆಯಿಲ್‌ಗೆ ಸೇರಬಹುದು. ಆಯಿಲ್ ಮಟ್ಟ ಏರಿದ್ದು, ಕಡ್ಡಿಯಲ್ಲಿ ಪೆಟ್ರೋಲ್ ವಾಸನೆ ಬಂದರೆ ಕಾರು ಓಡಿಸಬೇಡಿ. ತೆಳುವಾದ ಆಯಿಲ್‌ನಿಂದ ಬೇರಿಂಗ್‌ಗಳು ಸವೆಯುತ್ತವೆ. ಪಂಪ್ ಜೊತೆಗೆ ಆಯಿಲ್ ಕೂಡ ಬದಲಿಸಬೇಕು.

ಎಂಪಿಎಫ್‌ಐ ಕಾರಿನಲ್ಲಿ ಎಲ್ಲೆಲ್ಲಿ ನೋಡಬೇಕು?

ಗುಂಯ್ ಸದ್ದು: ಕೀಯನ್ನು ಸೆಲ್ಫ್ ವರೆಗೆ ತಿರುಗಿಸದೆ ‘ಆನ್’ ಸ್ಥಾನಕ್ಕೆ ಮಾತ್ರ ತನ್ನಿ. ಹಿಂದಿನ ಸೀಟಿನ ಕಡೆಯಿಂದ ಎರಡು ಮೂರು ಸೆಕೆಂಡು ಗುಂಯ್ ಎಂಬ ಸದ್ದು ಬಂದು ನಿಲ್ಲಬೇಕು. ಅದು ಪಂಪ್ ಒತ್ತಡ ತುಂಬಿಸುವ ಸದ್ದು.

ಚೆಕ್ ಎಂಜಿನ್ ದೀಪ: ಕೀ ಆನ್ ಮಾಡಿದಾಗ ಈ ಹಳದಿ ದೀಪ ಹೊತ್ತಲೇಬೇಕು. ಹೊತ್ತದಿದ್ದರೆ, ಬಲ್ಬ್ ಹೋಗಿಲ್ಲ ಎಂದಾದರೆ, ಇಸಿಯುಗೇ ಕರೆಂಟ್ ಬರುತ್ತಿಲ್ಲ. ಪಂಪ್ ಓಡದಿರುವುದು ಅದರ ಪರಿಣಾಮವಷ್ಟೇ. ಇಮೊಬಿಲೈಸರ್ ಇರುವ ಕಾರಾದರೆ ಅದರ ಎಚ್ಚರಿಕೆ ದೀಪವನ್ನೂ ನೋಡಿ. ಕೀಯನ್ನು ಕಾರು ಗುರುತಿಸದಿದ್ದರೂ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ.

ಫ್ಯೂಸ್ ಮತ್ತು ರಿಲೇ: ಸದ್ದು ಬರದಿದ್ದರೆ ಮೊದಲು ಫ್ಯೂಸ್ ನೋಡಿ. ನಂತರ ಪಂಪ್ ರಿಲೇಯನ್ನು ಅದೇ ಬಗೆಯ ಇನ್ನೊಂದು ರಿಲೇ ಜೊತೆ ಅದಲುಬದಲು ಮಾಡಿ. ಹೊಸ ಫ್ಯೂಸ್ ಕೂಡ ತಕ್ಷಣ ಸುಟ್ಟರೆ ದೊಡ್ಡ ಫ್ಯೂಸ್ ಹಾಕಬೇಡಿ, ತಂತಿ ಸುತ್ತಲೂ ಬೇಡ. ಎಲ್ಲೋ ವೈರ್ ತಾಗುತ್ತಿದೆ, ಇಲ್ಲವೇ ಪಂಪ್ ಬಿಗಿದುಕೊಂಡಿದೆ. ಎರಡೂ ಬೆಂಕಿಗೆ ದಾರಿ.

ಪಂಪ್ ಬಾಗಿಲಲ್ಲಿ ವೋಲ್ಟೇಜ್: ಇದು ಪಂಪ್ ಬದಲಿಸುವ ಮೊದಲು ಮಾಡಲೇಬೇಕಾದ ಪರೀಕ್ಷೆ. ಕೀ ಆನ್ ಮಾಡಿದ ಎರಡು ಮೂರು ಸೆಕೆಂಡಿನಲ್ಲಿ ಪಂಪ್ ಕನೆಕ್ಟರ್‌ಗೆ ಬ್ಯಾಟರಿ ವೋಲ್ಟೇಜ್ ಬಂದು, ಅರ್ಥ್ ಕೂಡ ಸರಿಯಿದ್ದೂ ಪಂಪ್ ಓಡದಿದ್ದರೆ ಪಂಪ್ ಸತ್ತಿದೆ. ವೋಲ್ಟೇಜೇ ಬರದಿದ್ದರೆ ಪಂಪ್ ನಿರಪರಾಧಿ.

ಒತ್ತಡ: ಸದ್ದು ಬಂದಮಾತ್ರಕ್ಕೆ ಪಂಪ್ ಸರಿಯಿದೆ ಎನ್ನಲಾಗದು. ಇಂಥ ವ್ಯವಸ್ಥೆಗಳಲ್ಲಿ ಸಾಮಾನ್ಯವಾಗಿ 2.5ರಿಂದ 3 ಬಾರ್ ಒತ್ತಡ ಇರುತ್ತದೆ. ನಿಮ್ಮ ಮಾದರಿಯ ಸರಿಯಾದ ಅಂಕಿ ಸರ್ವಿಸ್ ಮ್ಯಾನುಯಲ್‌ನಲ್ಲಿರುತ್ತದೆ. ಗೇಜ್ ಹಾಕಿ ಅಳೆಯಲು ಹೇಳಿ. ಈ ಪೈಪ್‌ಗಳನ್ನು ಮನೆಯಲ್ಲಿ ಬಿಚ್ಚಬೇಡಿ. ಎಂಜಿನ್ ಆಫ್ ಆಗಿದ್ದರೂ ಒಳಗೆ ಒತ್ತಡ ಉಳಿದಿದ್ದು ಪೆಟ್ರೋಲ್ ಚಿಮ್ಮುತ್ತದೆ.

ಕ್ರ್ಯಾಂಕ್ ಅಥವಾ ಕ್ಯಾಮ್ ಸೆನ್ಸರ್: ಎಂಜಿನ್ ತಿರುಗುತ್ತಿದೆ ಎಂಬ ಸಂಕೇತ ಸಿಗದಿದ್ದರೆ ಇಸಿಯು ಪಂಪ್ ನಿಲ್ಲಿಸಿ, ಇಂಜೆಕ್ಟರ್ ಮತ್ತು ಕಿಡಿಯನ್ನೂ ಕೊಡುವುದಿಲ್ಲ. ಬಿಸಿಯಾದಾಗ ನಿಂತು, ತಣ್ಣಗಾದಾಗ ಸ್ಟಾರ್ಟ್ ಆಗುವ ಕಾರಿನಲ್ಲಿ ಈ ಅನುಮಾನ ಹೆಚ್ಚು. ಸ್ಕ್ಯಾನರ್ ಇದನ್ನು ಹಿಡಿಯಬಲ್ಲದು. ಆದರೆ ಭಾರತದಲ್ಲಿ ಒಬಿಡಿ ನಿಯಮ ಬಂದದ್ದೇ 2010ರ ಏಪ್ರಿಲ್‌ನಿಂದ. ಅದಕ್ಕಿಂತ ಹಳೆಯ ಕಾರಿಗೆ ಆಯಾ ಕಂಪನಿಯ ಸ್ಕ್ಯಾನರ್ ಬೇಕಾಗಬಹುದು.

ರಾತ್ರಿ ನಿಂತ ಕಾರು ಬೆಳಿಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆದ ಮೇಲೆಯೇ ಸ್ಟಾರ್ಟ್ ಆಗುತ್ತಿದೆಯೇ? ಕೀಯನ್ನು ಎರಡು ಮೂರು ಸಲ ಆನ್-ಆಫ್ ಮಾಡಿ ನಂತರ ಸ್ಟಾರ್ಟ್ ಮಾಡಿ. ಆಗ ಬೇಗ ಸ್ಟಾರ್ಟ್ ಆದರೆ ರಾತ್ರಿಯಲ್ಲಿ ಒತ್ತಡ ಸೋರಿಹೋಗುತ್ತಿದೆ. ಪಂಪ್‌ನ ಚೆಕ್ ವಾಲ್ವ್, ರೆಗ್ಯುಲೇಟರ್ ಅಥವಾ ಸೋರುವ ಇಂಜೆಕ್ಟರ್ ಕಾರಣವಿರಬಹುದು.

ಯಾವಾಗ ನಿಲ್ಲುತ್ತದೆ ಎಂಬುದೇ ಸುಳಿವು

- ಮಳೆಯಲ್ಲಿ ಮಾತ್ರ: ಮುಂಬೈ ಮಳೆಗಾಲದಲ್ಲಿ ಹಳೆಯ ಕಾರು ನಿಂತರೆ ಪೆಟ್ರೋಲ್‌ಗಿಂತ ಮೊದಲು ಡಿಸ್ಟ್ರಿಬ್ಯೂಟರ್ ಮುಚ್ಚಳ ಮತ್ತು ಪ್ಲಗ್ ವೈರ್‌ಗಳ ತೇವ ನೋಡಿ. ಒಣಬಟ್ಟೆಯಲ್ಲಿ ಒರೆಸಿದರೆ ಸಾಕಾಗಬಹುದು.
- ಬಿಸಿಲಿನಲ್ಲಿ, ಟ್ರಾಫಿಕ್ ನಂತರ: ಚೆನ್ನೈ, ಹೈದರಾಬಾದ್‌ಗಳ ಬೇಸಿಗೆಯಲ್ಲಿ ಕಾರ್ಬ್ಯುರೇಟರ್ ಕಾರಿನ ಪೈಪ್‌ನೊಳಗೆ ಪೆಟ್ರೋಲ್ ಆವಿಯಾಗಿ ಪಂಪ್‌ಗೆ ಸಿಗದಂತಾಗುತ್ತದೆ. ಇದನ್ನು ವೇಪರ್ ಲಾಕ್ ಎನ್ನುತ್ತಾರೆ. ಬಾನೆಟ್ ತೆರೆದು ಅರ್ಧ ಗಂಟೆ ಬಿಡಿ. ತಾನಾಗಿ ಸ್ಟಾರ್ಟ್ ಆದರೆ ಪಂಪ್ ಬದಲಿಸುವ ಮಾತು ಬೇಡ.
- ಹಲವು ಸಲ ಸೆಲ್ಫ್ ಹೊಡೆದು ಪೆಟ್ರೋಲ್ ವಾಸನೆ ಬಂದರೆ: ಎಂಜಿನ್ ಫ್ಲಡ್ ಆಗಿದೆ. ಹತ್ತು ನಿಮಿಷ ಬಿಟ್ಟು, ಚೋಕ್ ಒಳಗೆ ತಳ್ಳಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಪದೇಪದೇ ಒತ್ತಿ ಬಿಡಬೇಡಿ.
- ಪೆಟ್ರೋಲ್ ಹಾಕಿಸಿದ ಸ್ವಲ್ಪ ಹೊತ್ತಿಗೇ: ಟ್ಯಾಂಕ್‌ನ ಪೆಟ್ರೋಲ್ ಅನ್ನು ಗಾಜಿನ ಬಾಟಲಿಯಲ್ಲಿ ಸ್ವಲ್ಪ ಬಸಿದು ಕೆಲ ನಿಮಿಷ ಬಿಡಿ. ತಳದಲ್ಲಿ ಬೇರೆಯೇ ಪದರ ಕಂಡರೆ ನೀರು ಸೇರಿದೆ. ಬಂಕ್ ರಸೀದಿ ಜೋಪಾನವಾಗಿಡಿ.

ಇ20 ಪೆಟ್ರೋಲ್ ಮತ್ತು ಹಳೆಯ ಕಾರು

ಶೇ. 20ರಷ್ಟು ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಸಿಕ್ಕಿತು. ಈಗ ಅದು ದೇಶದೆಲ್ಲೆಡೆ ಬಂಕ್‌ಗಳಲ್ಲಿದೆ. ಮಾರುತಿ 800ರಂಥ ಕಾರುಗಳು ತಯಾರಾದಾಗ ಈ ಮಿಶ್ರಣವೇ ಇರಲಿಲ್ಲ.

ಎಥೆನಾಲ್ ಹಳೆಯ ರಬ್ಬರನ್ನು ಉಬ್ಬಿಸಬಹುದು ಅಥವಾ ಗಟ್ಟಿಯಾಗಿಸಿ ಬಿರುಕು ಬಿಡಿಸಬಹುದು. ಟ್ಯಾಂಕ್ ಗೋಡೆಗೆ ಅಂಟಿದ್ದ ಹಳೆಯ ಕೊಳೆಯನ್ನು ಸಡಿಲಿಸಿ ಫಿಲ್ಟರ್‌ಗೆ ತರುತ್ತದೆ. ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ. ನೀರಿನ ಪ್ರಮಾಣ ಮಿತಿ ಮೀರಿದರೆ ಎಥೆನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲ್‌ನಿಂದ ಬೇರ್ಪಟ್ಟು ಟ್ಯಾಂಕ್ ತಳಕ್ಕೆ ಇಳಿಯುತ್ತವೆ. ಪಂಪ್ ಎಳೆಯುವುದು ತಳದಿಂದಲೇ. ಹೆಚ್ಚು ಓಡದ ಕಾರಿಗೆ ಇದೇ ದೊಡ್ಡ ತೊಂದರೆ.

ಪರಿಹಾರ ದುಬಾರಿಯಲ್ಲ. ರಬ್ಬರ್ ಪೈಪ್‌ಗಳನ್ನು ಎಥೆನಾಲ್ ತಡೆಯುವ ಗುಣಮಟ್ಟದವುಗಳಿಗೆ ಬದಲಿಸಿ. ಕಾರ್ಬ್ಯುರೇಟರ್ ಕಿಟ್ ಹಾಕಿಸುವಾಗಲೂ ಅದನ್ನೇ ಕೇಳಿ. ವಾರಕ್ಕೊಮ್ಮೆಯಾದರೂ ಕಾರು ಓಡಿಸಿ. ಎಂಪಿಎಫ್‌ಐ ಕಾರಿನ ಟ್ಯಾಂಕ್ ಕಾಲು ಭಾಗಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ, ಪಂಪ್ ತಣ್ಣಗಿರುವುದು ಸುತ್ತಲಿನ ಪೆಟ್ರೋಲ್‌ನಿಂದಲೇ. ಯಾವಾಗಲೂ ಸಿಎನ್‌ಜಿಯಲ್ಲಿ ಓಡಿಸುವವರು ಇದನ್ನು ಮರೆತು ಪಂಪ್ ಸುಟ್ಟುಕೊಳ್ಳುವುದುಂಟು.

ಗ್ಯಾರೇಜ್‌ನಲ್ಲಿ ಏನು ಕೇಳಬೇಕು?

ಮುಂಬೈ, ಪುಣೆಯ ಮೆಕ್ಯಾನಿಕ್‌ಗಳು ‘ಕಚ್ರಾ ಆ ಗಯಾ’ ಎಂದರೆ ಕಾರ್ಬ್ಯುರೇಟರ್ ಅಥವಾ ಪೈಪ್‌ನಲ್ಲಿ ಕೊಳೆ ಸಿಕ್ಕಿಕೊಂಡಿದೆ ಎಂದರ್ಥ. ಅದು ಸ್ವಚ್ಛಗೊಳಿಸುವ ಕೆಲಸ, ಹೊಸ ಬಿಡಿಭಾಗದ ಕೆಲಸವಲ್ಲ. ಕೊಳೆ ಬಂದದ್ದು ಎಲ್ಲಿಂದ ಎಂದು ಕೇಳಿ.

ಪಂಪ್ ಹೋಗಿದೆ ಎಂದರೆ ಮೂರು ಪ್ರಶ್ನೆ ಸಾಕು. ಕಿಡಿ ನೋಡಿದ್ದೀರಾ? ಪಂಪ್‌ಗೆ ಕರೆಂಟ್ ಬರುತ್ತಿದೆಯೇ? ಒತ್ತಡ ಎಷ್ಟು ಬಂತು? ಕಾರ್ಬ್ಯುರೇಟರ್ ಕಾರಾದರೆ ಕೊನೆಯ ಎರಡರ ಬದಲು, ಬೇರೆ ಕ್ಯಾನ್‌ನಿಂದ ಪಂಪ್ ಎಳೆಯಿತೇ ಎಂದು ಕೇಳಿ. ಒಳ್ಳೆಯ ಮೆಕ್ಯಾನಿಕ್ ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ, ತೋರಿಸಿಯೇ ಕೊಡುತ್ತಾರೆ. ಬದಲಿಸಿದ ಹಳೆಯ ಬಿಡಿಭಾಗವನ್ನೂ ಕೇಳಿ ಪಡೆಯಿರಿ.

ದೊಡ್ಡ ಖರ್ಚಿಗೆ ಕೈಹಾಕುವ ಮೊದಲು ಆರ್‌ಸಿ ಅವಧಿ ನೋಡಿಕೊಳ್ಳುವುದು ಒಳ್ಳೆಯದು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆ ಮಾಡಿಸಿ ನವೀಕರಿಸಬೇಕು. ದೆಹಲಿ ಮತ್ತು ಸುತ್ತಮುತ್ತಲ ಪ್ರದೇಶದಲ್ಲಿ ಹಳೆಯ ವಾಹನಗಳಿಗೆ ಪ್ರತ್ಯೇಕ ನಿಯಮಗಳಿದ್ದು, ಅಲ್ಲಿನವರು ಇತ್ತೀಚಿನ ಆದೇಶ ನೋಡಿಯೇ ಮುಂದುವರಿಯಬೇಕು.

ಮೆಕ್ಯಾನಿಕ್ ಬರುವ ಮೊದಲು ಒಂದು ಚೀಟಿಯಲ್ಲಿ ಇಷ್ಟು ಬರೆದಿಟ್ಟುಕೊಳ್ಳಿ: ಕಾರು ಕೊನೆಯ ಸಲ ಓಡಿದ್ದು ಯಾವಾಗ, ಪೆಟ್ರೋಲ್ ಹಾಕಿಸಿದ್ದು ಯಾವಾಗ, ನಿಂತಾಗ ಎಂಜಿನ್ ಬಿಸಿಯಿತ್ತೋ ತಣ್ಣಗಿತ್ತೋ, ಪಂಪ್ ಸದ್ದು ಬಂತೋ ಇಲ್ಲವೋ, ಪ್ಲಗ್ ಒಣಗಿತ್ತೋ ಒದ್ದೆಯಿತ್ತೋ. ಈ ಐದು ಉತ್ತರ ಕೈಯಲ್ಲಿದ್ದರೆ ಅವರ ಅರ್ಧ ಕೆಲಸ ಮುಗಿದಂತೆ.